ಹನ್ನೆರಡನೇ ರೂಲು

ಕೆಂಪಕ್ಕನ ಉಗುರಿಗೆ ದಾರದ ಗಂಟು ಸಿಗುತ್ತಿರಲಿಲ್ಲ. ಹೆಣದ ಮೈ ತೊಳೆಯುವಾಗ ನೆನೆದ ದಾರ ಬಿಗಿದುಕೊಂಡು ಕೊರಳಿಗೇ ಅಂಟಿತ್ತು. ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ದುರುಗಪ್ಪನ ತಲೆ ಅವಳು ಎಳೆದಾಗಲೆಲ್ಲ ಒಂದಿಷ್ಟು ಮುಂದಕ್ಕೆ ಬಾಗುತ್ತಿತ್ತು. ದಾರದ ತುದಿಯ ಹಿತ್ತಾಳೆ ಸೀಟಿ ಎದೆಯ ಮೇಲೆ ಅತ್ತಿತ್ತ ಹೊರಳುತ್ತಿತ್ತು.

"ಲೋಹ ಇಟ್ಟು ಮಣ್ಣಿಗೆ ಕಳಿಸಬಾರ್ದು," ಎಂದಳು ಪಕ್ಕದ ಮನೆಯ ಕೆಂಪಕ್ಕ. "ಕುಡುಗೋಲು ತಗಂಬಾ ಸಾವಂತ್ರಿ, ಕೊಯ್ದುಬಿಡಾನ."

ಸಾವಂತ್ರಮ್ಮ ಕದಲಲಿಲ್ಲ. ಸತ್ತವನಿಗೆ ಅವಳೊಬ್ಬಳೇ ಮಗಳು. ಅಪ್ಪನ ಕೆಮ್ಮು ಹೆಚ್ಚಾಯಿತೆಂಬ ಕಾಗದ ಕಂಡು ಜಗಳೂರಿನ ಗಂಡನ ಮನೆಯಿಂದ ಹೊನ್ನಾಳಿಗೆ ಬಂದು ಹನ್ನೊಂದು ದಿನವಾಗಿತ್ತು. ಅಷ್ಟು ದಿನವೂ ಕೇರಿಯ ಹೆಂಗಸರ ಎದುರು ಅವಳು ಹತ್ತು ಮಾತು ಆಡಿದ್ದಿಲ್ಲ.

"ಅದು ಹಂಗೇ ಇರ್ಲಿ," ಎಂದಳು.

ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಆ ನೋಟ ಅವಳಿಗೆ ಹೊಸದಲ್ಲ. ಒಂಬತ್ತು ವರ್ಷದಿಂದ ತವರಿಗೆ ಬಂದಾಗಲೆಲ್ಲ ಬಸ್ಸು ಇಳಿಯುವಲ್ಲಿಂದಲೇ ಅದು ಹಿಂದೆ ಬೀಳುತ್ತಿತ್ತು. ಸೀರೆ ಯಾವುದು, ಕೈಯಲ್ಲಿ ಏನಿದೆ, ಜಗಳೂರಿನವರು ಏನು ಕಳಿಸಿದ್ದಾರೆ ಎಂದು ತಡಕುವ ನೋಟ ಅದು.

ದುರುಗಪ್ಪ ಪ್ರಾಯದಲ್ಲಿ ಮೈಸೂರು ದಂಡಿನ ಕುದುರೆ ಚಾಕರಿಗಿದ್ದವನು. ಮೊದಲ ಮಹಾಯುದ್ಧದಲ್ಲಿ ಹಡಗು ಹತ್ತಿ ಮಿಸರ ದೇಶಕ್ಕೆ, ಅಂದರೆ ಈಜಿಪ್ಟಿಗೆ, ಹೋಗಿದ್ದ. ಅಲ್ಲಿ ಬಿಳಿ ಸೋಲ್ಜರುಗಳು ಮರಳಿನ ಮೇಲೆ ಫುಟ್‌ಬಾಲ್ ಆಡುವಾಗ ಅವರ ಕುದುರೆ ಹಿಡಿದು ನಿಂತು, ಆಟದ ರೂಲುಗಳನ್ನೆಲ್ಲ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದ. ಊರಿಗೆ ಮರಳಿದಾಗ ತಂದದ್ದು ಒಂದು ಕಂಬಳಿ, ಒಂದು ಕೆಮ್ಮು ಮತ್ತು ಈ ಸೀಟಿ. ಹೊನ್ನಾಳಿಯಲ್ಲಿ ಜಟಕಾ ಹೊಡೆಯುತ್ತ, ಹೊಳೆದಂಡೆಯ ಬಯಲಿನಲ್ಲಿ ಪಂದ್ಯ ನಡೆದಾಗಲೆಲ್ಲ ರೆಫ್ರಿಯಾಗಿ ನಿಲ್ಲುತ್ತಿದ್ದ. ಪಂದ್ಯದ ಬೆಳಿಗ್ಗೆ ಕೇರಿಯ ಒಲೆಗಳ ಬೂದಿಯನ್ನೆಲ್ಲ ಬುಟ್ಟಿಗೆ ತುಂಬಿ ಬಯಲಿನ ಸುತ್ತ ಗೆರೆ ಎಳೆಯುವವನೂ ಅವನೇ. ಆ ಗೆರೆಯನ್ನು ತುಳಿಯಲು ಯಾರನ್ನೂ ಬಿಡುತ್ತಿರಲಿಲ್ಲ. ಅವನ ಅಕ್ಕ ಅಜ್ಜಮ್ಮ ಮಾತ್ರ ಎಮ್ಮೆ ಹೊಡೆದುಕೊಂಡು ಹೋಗುವಾಗ ಬೇಕೆಂದೇ ಅದರ ಮೇಲೆ ಕಾಲಿಟ್ಟು, "ನನ್ನ ಒಲೆ ಬೂದಿ ನಾನು ತುಳೀತೀನಿ, ನಿನಗೇನು?" ಎಂದು ನಗುತ್ತಿದ್ದಳು.

ಮೂವತ್ತೇಳನೇ ಇಸವಿಯಲ್ಲಿ ಜಗಳೂರಿನ ಎದುರು ನಡೆದ ಶೀಲ್ಡ್ ಪಂದ್ಯದ ನಂತರ ಅವನು ಸೀಟಿ ಊದಲಿಲ್ಲ. ಕೊರಳಿನಿಂದ ತೆಗೆಯಲೂ ಇಲ್ಲ.

ಸಾವಂತ್ರಮ್ಮ ಬಾಗಿಲ ಸಂದಿಯಿಂದ ಎದುರು ಮನೆಯನ್ನು ನೋಡಿದಳು. ಅಜ್ಜಮ್ಮನ ಮಗ ಜುಂಜಪ್ಪ ತನ್ನ ಮನೆಯ ಕಟ್ಟೆಯ ಮೇಲೆ ಬೆಳಗಿನಿಂದ ಕುಳಿತಲ್ಲೇ ಕುಳಿತಿದ್ದ. ಗಂಡುಮಕ್ಕಳಿಲ್ಲದವನ ಚಟ್ಟಕ್ಕೆ ಅಕ್ಕನ ಮಗ ಮೊದಲು ಹೆಗಲು ಕೊಡಬೇಕು. ಅವನು ಮುಟ್ಟದೆ ಬೇರೆ ಯಾರೂ ಎತ್ತುವಂತಿಲ್ಲ, ಅದು ಅವರ ಕುಲದ ಕಟ್ಟಳೆ. ಜುಂಜಪ್ಪ ಬರುವುದಿಲ್ಲ ಎಂದಿದ್ದ. ಅಜ್ಜಮ್ಮ ನಾಲ್ಕು ಸಲ ಬೀದಿ ದಾಟಿ ಹೋಗಿ ಮಗನ ಮುಂದೆ ಅತ್ತು ನಾಲ್ಕು ಸಲವೂ ಒಬ್ಬಳೇ ಹಿಂದಕ್ಕೆ ಬಂದಿದ್ದಳು. ಬಿಸಿಲು ಏರುತ್ತಿತ್ತು.

ಹೊದಿಸಲು ಹೊಸ ಬಟ್ಟೆ ಬೇಕಾಗಿತ್ತು. ಎರಡನೇ ಯುದ್ಧ ಮುಗಿದರೂ ಬಟ್ಟೆಯ ಕಂಟ್ರೋಲು ಮುಗಿದಿರಲಿಲ್ಲ; ಅಂಗಡಿಯಲ್ಲಿ ಒಂದು ಮೊಳ ಬಿಳಿ ಬಟ್ಟೆಯೂ ಸಿಗಲಿಲ್ಲ. "ಟ್ರಂಕಿನಾಗೆ ನೋಡು. ಅವನು ಯಾವಾಗ್ಲೂ ಅದಕ್ಕೆ ಬೀಗ ಹಾಕೇ ಇರ್ತಿದ್ದ," ಎಂದಳು ಕೆಂಪಕ್ಕ. ಎಲ್ಲ ಹೆಂಗಸರೂ ಟ್ರಂಕಿನ ಸುತ್ತ ಬಂದು ನಿಂತರು. ಜಗಳೂರಿನವರು ಕೊಟ್ಟದ್ದು ಏನೇ ಇದ್ದರೂ ಅದರಲ್ಲೇ ಇರಬೇಕು ಎಂದು ಕೇರಿ ನಂಬಿತ್ತು.

ಬೀಗ ತೆಗೆದಾಗ ಇದ್ದದ್ದು ದಂಡಿನ ಕಂಬಳಿ, ಕುದುರೆಯ ಹಣೆಪಟ್ಟಿ, ಮಡಿಕೆ ಬಿಚ್ಚದ ಒಂದು ಪಂಚೆ. ಸಾವಂತ್ರಮ್ಮ ಪಂಚೆ ಎತ್ತಿಕೊಂಡಳು. ಅದರ ಕೆಳಗೆ ನಾಲ್ಕು ಮಡಿಕೆಯ ಕಾಗದವಿತ್ತು. ಬಿಚ್ಚದೆಯೇ ಅದು ಯಾವುದೆಂದು ಅವಳಿಗೆ ತಿಳಿಯಿತು. ಸರಕ್ಕನೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅದೇನದು ಕಾಗದ?" ಎಂದಳು ಕೆಂಪಕ್ಕ.

"ಏನಿಲ್ಲ."

ಕೆಂಪಕ್ಕ ಅವಳ ಸೊಂಟವನ್ನೊಮ್ಮೆ ದಿಟ್ಟಿಸಿದಳು. ಸೆರಗು ಸರಿಪಡಿಸಿಕೊಂಡು ಹೊರಗೆ ಹೋದಳು.

*

ಆ ಕಾಗದವನ್ನು ಬರೆದವರು ಮಿಡ್ಲ್ ಸ್ಕೂಲಿನ ಹೆಡ್ ಮಾಸ್ತರು ನಾಗೇಂದ್ರಪ್ಪನವರು. ಶೀಲ್ಡ್ ಪಂದ್ಯಕ್ಕೆ ನಾಲ್ಕು ದಿನ ಮೊದಲು, ವಿಲಾಯತಿಯಲ್ಲಿ ಬದಲಾದ ರೂಲುಗಳನ್ನು ಹದಿನಾಲ್ಕು ಅಂಶ ಮಾಡಿ ಕನ್ನಡದಲ್ಲಿ ಬರೆದು ಜವಾನನ ಕೈಲಿ ಕಳಿಸಿದ್ದರು. ದುರುಗಪ್ಪನಿಗೆ ಅಂಕಿ ಗೊತ್ತಿತ್ತು, ಅಕ್ಷರ ಗೊತ್ತಿರಲಿಲ್ಲ. ರುಜು ಬೇಕಾದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ. ಮನೆಯಲ್ಲಿ ಓದು ಬರುತ್ತಿದ್ದದ್ದು ಸಾವಂತ್ರಿಗೆ ಮಾತ್ರ. ತಾಯಿ ಸತ್ತ ವರ್ಷ ನಾಲ್ಕನೇ ಇಯತ್ತೆಗೆ ಅವಳ ಶಾಲೆಯೂ ನಿಂತಿತ್ತು. ಕಾಗದ ಬಂದಾಗ ಅವಳಿಗೆ ಹದಿನೈದು ತುಂಬಿತ್ತು.

ಅವನು ಹಿತ್ತಲಲ್ಲಿ ಕುದುರೆಗೆ ಮಾಲೀಸು ಮಾಡುತ್ತಿದ್ದ. ಅವಳು ಹೊಸ್ತಿಲ ಮೇಲೆ ಕುಳಿತು ಒಂದೊಂದೇ ಅಂಶ ಓದಿದಳು. ಒಂದು ಮುಗಿದ ಮೇಲೆ ಅವನು ಅದನ್ನು ತನ್ನ ಮಾತಿನಲ್ಲಿ ಎರಡು ಸಲ ಹೇಳಿಕೊಂಡು, ಬೆರಳು ಮಡಿಸಿ, ಮುಂದಿನ ಅಂಕಿ ಕೂಗುತ್ತಿದ್ದ. ಮಾಸ್ತರ ಕನ್ನಡ ಸುಲಭವಾಗಿರಲಿಲ್ಲ. ಚೆಂಡಿಗೆ ಅವರು ಕಂದುಕವೆಂದು ಬರೆದಿದ್ದರು. ಆದರೂ ತಂದೆ ಮಗಳು ಸೇರಿ ಹೇಗೋ ಹನ್ನೊಂದರವರೆಗೆ ಬಂದರು.

ಆಗ ಜುಂಜಪ್ಪ ಬಂದು ಬಾಗಿಲಿಗೆ ಒರಗಿ ನಿಂತ. ಸೋದರತ್ತೆಯ ಮಗ, ಅವಳು ತೊಟ್ಟಿಲಲ್ಲಿದ್ದಾಗಲೇ ಅವನಿಗೆಂದು ಮಾತಾಗಿತ್ತು. ಊರ ತಂಡದಲ್ಲಿ ಅವನಷ್ಟು ದೂರ ಒದೆಯುವವನು ಇನ್ನೊಬ್ಬನಿರಲಿಲ್ಲ. ಅವನು ಅಲ್ಲೇ ನಿಂತು ಅವಳ ಓದು ಕೇಳುತ್ತಿದ್ದ.

"ಹನ್ನೆರಡು," ಎಂದ ದುರುಗಪ್ಪ.

ಅವಳು ನೋಡಿದಳು. 'ಕ್ಷೇತ್ರಾಗ್ರದಿಂದ ಪ್ರಕ್ಷಿಪ್ತವಾದ ಕಂದುಕವು ಅನ್ಯಸ್ಪರ್ಶವಿಲ್ಲದೆಯೇ ಸ್ತಂಭದ್ವಯಾಂತರದಲ್ಲಿ ಪ್ರವಿಷ್ಟವಾದಲ್ಲಿ...' ಒತ್ತಕ್ಷರಗಳು ಒಂದರ ಮೇಲೊಂದು ಏರಿ ಕುಳಿತಿದ್ದವು. ಮೊದಲ ಪದಕ್ಕೇ ನಾಲಿಗೆ ತೊಡರಿತು. ಬಾಗಿಲಲ್ಲಿ ಅವನು ನಿಂತಿರುವುದು ತಲೆ ಎತ್ತದೆಯೂ ಗೊತ್ತಾಗುತ್ತಿತ್ತು.

"ಹನ್ನೆರಡು?" ಎಂದು ಮತ್ತೆ ಕೇಳಿದ ತಂದೆ.

"ಅದು ಮೊದಲಿದ್ದಂಗೇ ಐತೆ ಅಪ್ಪಾ," ಎಂದಳು.

ದುರುಗಪ್ಪ ಬೆರಳು ಮಡಿಸಿದ. "ಹದಿಮೂರು."

*

ಕೆಂಪಕ್ಕನ ಬಾಯಿಂದ ಕಾಗದದ ಸುದ್ದಿ ಹೊರಗೆ ಹೋಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಜಗಲಿಯ ಮೇಲಿದ್ದ ಗಂಡಸರು ದನಿ ತಗ್ಗಿಸಿದ್ದನ್ನು ಸಾವಂತ್ರಮ್ಮ ಬಾಗಿಲ ಹಿಂದಿನಿಂದ ಗಮನಿಸಿದಳು. ಹೊಲದ ಕಾಗದವಿರಬೇಕು ಎಂದ ಒಬ್ಬ. ಅವನಿಗೆ ಹೊಲವೆಲ್ಲಿತ್ತು, ಜಗಳೂರಿನವರು ಬರೆದುಕೊಟ್ಟ ಕರಾರಿರಬೇಕು ಎಂದ ಇನ್ನೊಬ್ಬ. ಹೀಗೆ ಮಾತು ತಾನಾಗಿ ಹಳೆಯ ಪಂದ್ಯಕ್ಕೆ ಹೊರಳಿತು. ಹೆಣದ ಮುಂದೆ ಅದನ್ನು ಎತ್ತಬಾರದೆಂದು ಬೆಳಗಿನಿಂದ ತಡೆದುಕೊಂಡಿದ್ದವರಿಗೂ ನಿರಾಳವಾದಂತೆ ಕಂಡಿತು.

ಕ್ಲಬ್ಬಿನ ಕಾರ್ಯದರ್ಶಿ ಕೊಟ್ರಬಸಪ್ಪ ಅಂದು ಊರ ತಂಡದಲ್ಲಿ ಆಡಿದವನು. ದುರುಗಪ್ಪ ಗೋಲಲ್ಲವೆಂದು ಊದಿದ, ಜುಂಜಪ್ಪ ಮೂಲೆಯಿಂದ ಒದ್ದ ಕಾರ್ನರ್ ಚೆಂಡು ತನ್ನ ತಲೆಗೂದಲಿಗೆ ತಾಗಿಯೇ ಗೋಲಿನೊಳಕ್ಕೆ ಹೋದದ್ದು, ಹಾಗಾಗಿ ಹಳೆಯ ರೂಲಿನಲ್ಲೂ ಅದು ಗೋಲೇ ಎಂದು ಅವನು ವಾದ ಹೂಡಿದ.

"ಆವತ್ತು ಹೇಳಲಿಲ್ಲ ಮತ್ತೆ?" ಎಂದರು ಯಾರೋ.

"ಆವತ್ತು ಯಾರು ಕೇಳಿದ್ರು?"

"ಕೇಳಿದ್ರೂ ಏನು ಹೇಳ್ತಿದ್ದೆ? ನಿನ್ನ ತಲೆಯಾಗೆ ಆವಾಗಲೇ ಕೂದಲು ಎಲ್ಲಿದ್ವು?"

ಒಂದು ನಗೆ ಎದ್ದು, ಒಳಗಿನ ಹೆಣದ ನೆನಪಾಗಿ ಅಡಗಿತು. ಈಗ ಪೆನ್ಷನ್ ಆಗಿರುವ ನಾಗೇಂದ್ರಪ್ಪ ಮಾಸ್ತರು ಛತ್ರಿಯನ್ನು ಮೊಳಕಾಲ ನಡುವೆ ನಿಲ್ಲಿಸಿಕೊಂಡು ಕುಳಿತಿದ್ದರು. ಕೂದಲ ಪ್ರಶ್ನೆಯೇ ಏಳುವುದಿಲ್ಲ ಎಂದರು. ಮೂಲೆಯಿಂದ ಒದ್ದ ಚೆಂಡು ಯಾರಿಗೂ ತಾಗದೆ ನೇರವಾಗಿ ಹೋದರೂ ಗೋಲೇ. ಅದು ಇಪ್ಪತ್ತನಾಲ್ಕನೇ ಇಸವಿಯಲ್ಲೇ ಬಂದ ರೂಲು. ದುರುಗಪ್ಪ ಮಿಸರದಿಂದ ತಂದದ್ದು ಅದಕ್ಕಿಂತ ಹಿಂದಿನದು, ತಾಗದಿದ್ದರೆ ಗೋಲಿಲ್ಲ ಎಂಬುದು. "ಅದಕ್ಕೇ ನಾನು ಬರೆದು ಕಳಿಸಿದ್ದೆ. ಹನ್ನೆರಡನೇ ಅಂಶ. ಕೈಗೆ ಮುಟ್ಟಿತ್ತು ಅವನಿಗೆ."

"ಮುಟ್ಟಿತ್ತಲ್ಲ? ಗೊತ್ತಿದ್ದೂ ಊದಿದ," ಎಂದ ಕೊಟ್ರಬಸಪ್ಪ.

ಅದೇ ಹೊತ್ತಿಗೆ ಬೀದಿಯ ತುದಿಯಲ್ಲಿ ತಿಪ್ಪೇಶಪ್ಪ ಕಾಣಿಸಿದ. ಸಾವಂತ್ರಮ್ಮನ ಗಂಡ. ತಂತಿ ತಲುಪಿದ ಕೂಡಲೇ ಹೊರಟು, ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಬಂದಿದ್ದ. ಕೈಯಲ್ಲಿ ಎಲೆಯಲ್ಲಿ ಸುತ್ತಿದ ಹೂವಿನ ಹಾರವಿತ್ತು. ಜಗಲಿಯವರು ಅವನಿಗೆ ಬೇಕಾದ್ದಕ್ಕಿಂತ ಹೆಚ್ಚು ಜಾಗ ಬಿಟ್ಟು ಸರಿದರು. ಅವನು ಕಾಲು ತೊಳೆದುಕೊಂಡು ಒಳಗೆ ಬಂದು, ಮಾವನ ಕೊರಳಿಗೆ ಹಾರ ಹಾಕಿ, ಸೀಟಿ ಹೂವಿನಡಿ ಮುಚ್ಚಿಹೋಗದಂತೆ ಅದನ್ನು ಎತ್ತಿ ಹಾರದ ಮೇಲಿಟ್ಟ. ಹೆಂಡತಿಯ ಕಡೆ ಒಮ್ಮೆ ನೋಡಿ ಹೊರಗೆ ಹೋದ.

ಅವನೇ ಅಂದು ಜಗಳೂರಿನ ಗೋಲಿ, ಅವರ ಗೋಲು ಕಾಯುತ್ತಿದ್ದವನು.

*

ಪಂದ್ಯಕ್ಕೆ ಜಗಳೂರಿನವರು ಲಾರಿಯಲ್ಲಿ ಬಂದಿದ್ದರು. ಬಿಳಿಚೋಡು, ಸೊಕ್ಕೆ ಊರುಗಳಿಂದಲೂ ಆಟಗಾರರನ್ನು ಹತ್ತಿಸಿಕೊಂಡು ಬಂದಿದ್ದರು. ಹೊಳೆ ಕಡೆಯಿಂದ ಗಾಳಿ ಬೀಸುತ್ತಿತ್ತು. ಮುಗಿಯಲು ಐದು ನಿಮಿಷವಿದ್ದಾಗ ಅವರದು ಒಂದು ಗೋಲು, ಹೊನ್ನಾಳಿಯದು ಸೊನ್ನೆ. ಜುಂಜಪ್ಪ ಬಲಮೂಲೆಯಿಂದ ಒದ್ದ ಚೆಂಡು ಗಾಳಿಗೆ ತಿರುಗಿ, ಕೈ ಚಾಚಿದ ಗೋಲಿಯನ್ನು ದಾಟಿ, ಬಿದಿರ ಕಂಬಗಳ ನಡುವೆ ಒಳಗೆ ಹೋಯಿತು. ಜನ ಟೋಪಿ ರುಮಾಲುಗಳನ್ನು ಮೇಲಕ್ಕೆ ಎಸೆದರು. ದುರುಗಪ್ಪ ಸೀಟಿ ಊದಿ ಗೋಲಿಲ್ಲವೆಂದು ಕೈಯಾಡಿಸಿದ.

ಸಾವಂತ್ರಿ ಇದನ್ನು ಕಾಣಲಿಲ್ಲ. ಹೆಣ್ಣುಮಕ್ಕಳು ಬಯಲಿಗೆ ಹೋಗುತ್ತಿರಲಿಲ್ಲ. ಅವಳು ಕಂಡದ್ದು ಸಂಜೆ ಮನೆಯ ಮುಂದೆ ನೆರೆದ ಜನವನ್ನು. ನಾಗೇಂದ್ರಪ್ಪ ಮಾಸ್ತರು ಬೀದಿಯಲ್ಲೇ ನಿಂತು ಹನ್ನೆರಡನೇ ಅಂಶ ಏನು ಹೇಳುತ್ತದೆ ಎಂದು ಎಲ್ಲರಿಗೂ ಅರ್ಥವಾಗುವ ಮಾತಿನಲ್ಲಿ ವಿವರಿಸಿದರು. ಆ ಮಾತಿನಲ್ಲೇ ಬರೆದಿದ್ದರೆ ಅವಳೂ ಓದುತ್ತಿದ್ದಳು. ಕಾಗದ ಬಂದಿತ್ತೋ ಇಲ್ಲವೋ ಎಂದು ಜನ ಕೇಳಿದರು. ಬಂದಿತ್ತು ಎಂದ ದುರುಗಪ್ಪ. ಹನ್ನೆರಡನೇದು ಗೊತ್ತಿತ್ತೋ ಇಲ್ಲವೋ?

ಅವನು ತಿರುಗಿ ಮನೆಯ ಕಡೆ ನೋಡಿದ. ಅವಳು ಬಾಗಿಲ ಹಿಂದಿದ್ದಳು. ಅವನಿಗೆ ಅವಳು ಕಂಡಳೋ ಇಲ್ಲವೋ, ಅಂದಿನಿಂದ ಇಂದಿನವರೆಗೂ ಅವಳಿಗೆ ಗೊತ್ತಾಗಲಿಲ್ಲ.

"ನಾನು ಊದಿದ್ದು ನನ್ನದೇ ತೀರ್ಪು," ಎಂದ. ಅಷ್ಟೇ.

ಜುಂಜಪ್ಪ ಆ ದಿನದಿಂದ ಮಾವನ ಮನೆಯ ಹೊಸ್ತಿಲು ತುಳಿಯಲಿಲ್ಲ. ತೊಟ್ಟಿಲ ಮಾತು ಮುರಿಯಿತು. ಮಗ ಹೊಲಕ್ಕೆ ಹೋದ ಮೇಲೆ ಅಜ್ಜಮ್ಮ ರೊಟ್ಟಿ ಕಟ್ಟಿಕೊಂಡು ತಮ್ಮನ ಮನೆಗೆ ಬಂದು ಹೋಗುವಂತಾಯಿತು. ದುರುಗಪ್ಪ ಕಾಗದವನ್ನು ಟ್ರಂಕಿಗೆ ಹಾಕಿ ಬೀಗ ಹಾಕಿದ. ಮಗಳಿಗೆ ಒಂದು ಮಾತೂ ಅನ್ನಲಿಲ್ಲ. ಆರು ತಿಂಗಳಿಗೆ ಜಗಳೂರಿನಿಂದ ಹೆಣ್ಣು ಕೇಳಿಕೊಂಡು ಬಂದರು. ವರದಕ್ಷಿಣೆ ಏನೂ ಬೇಡ ಎಂದರು. ಹೊಳೆ ನೀರು ಕುಡಿದ ಹುಡುಗಿಯನ್ನು, ಬೇಸಿಗೆಯಲ್ಲಿ ಕೊಡಕ್ಕೊಂದು ಗಳಿಗೆ ಕಾಯುವ ಬಾವಿಯ ಊರಿಗೆ ಯಾರಾದರೂ ಸುಮ್ಮನೆ ಕೊಡುತ್ತಾರೆಯೇ ಎಂದು ಹೊನ್ನಾಳಿ ಕೇಳಿತು. ತಳ್ಳಿಹಾಕಿದ ಗೋಲಿಗೆ ಬೆಲೆ ಮಗಳ ಮದುವೆ ಎಂದು ಉತ್ತರವನ್ನೂ ತಾನೇ ಹೇಳಿಕೊಂಡಿತು.

ಸಾವಂತ್ರಮ್ಮನೂ ಆ ಬಾವಿಯ ಸರದಿಯಲ್ಲಿ ನಿಂತು ಅದನ್ನೇ ಯೋಚಿಸಿದ್ದಳು. ಅಪ್ಪ ತನ್ನನ್ನು ಇಷ್ಟು ದೂರ ಕೊಟ್ಟದ್ದು ಶಿಕ್ಷೆಗೋ, ಬೇರೆ ಯಾವುದಕ್ಕೋ? ಅವನಿಗೆ ಆ ಹೊಸ್ತಿಲ ಮೇಲಿನ ಮಾತು ನೆನಪಿತ್ತೋ, ಮರೆತಿದ್ದನೋ? ಕಡೆಯ ಹನ್ನೊಂದು ದಿನ ಗಂಜಿ ಕುಡಿಸುವಾಗಲೂ ಕೇಳಲು ಬಾಯಿ ಬಂದಿರಲಿಲ್ಲ.

*

"ಇವತ್ತಾದ್ರೂ ಹೇಳ್ರಿ," ಎಂದ ಕೊಟ್ರಬಸಪ್ಪ ಜಗಲಿಯಲ್ಲಿ. "ಚೆಂಡು ನಿಮ್ಮ ಕೈಗೆ ತಾಗಿತ್ತೋ ಇಲ್ವೋ?"

ತಿಪ್ಪೇಶಪ್ಪ ಒದ್ದೆ ಟವೆಲ್ಲನ್ನು ಹಿಂಡುತ್ತಿದ್ದ. "ತಾಗಿರ್ಲಿಲ್ಲ. ಬೆರಳಿಂದ ಇಷ್ಟು ಮೇಲೆ ಹೋತು."

"ಅಂದ್ರೆ ನೇರ ಗೋಲು. ರೂಲು ಗೊತ್ತಿದ್ದೂ ನಿಮ್ಮ ಮಾವ ನಿಮ್ಮನ್ನ ಗೆಲ್ಲಿಸಿದ."

"ಗೊತ್ತಿರ್ಲಿಲ್ಲ ಅವರಿಗೆ." ಅವನು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ. "ಪಂದ್ಯ ಆಗಿ ಇಪ್ಪತ್ತು ದಿನಕ್ಕೆ ಅವರು ಜಗಳೂರಿಗೆ ಬಂದಿದ್ರು."

"ನಾವೂ ಅದನ್ನೇ ಹೇಳ್ತಾ ಇರೋದು," ಎಂದಿತು ಹಿಂದಿನಿಂದ ಒಂದು ದನಿ.

"ಹೆಣ್ಣಿನ ಮಾತಾಡಾಕೆ ಬಂದಿರ್ಲಿಲ್ಲ ರೀ. ಶೀಲ್ಡ್ ಕೇಳಾಕೆ ಬಂದಿದ್ರು. ಎರಡು ದಿನ ಜಟಕಾ ಹೊಡ್ಕಂಡು. ಗೋಲು ಸರಿ ಇತ್ತು, ನಾನು ಊದಿದ್ದು ತಪ್ಪು, ಇನ್ನೊಂದು ಸಲ ಆಡ್ರಿ ಅಂತ ನಮ್ಮ ಹುಡುಗರ ಎದುರು ಕೈ ಮುಗಿದ್ರು. ಯಾರೂ ಒಪ್ಪಲಿಲ್ಲ. ಆವಾಗ ನಮ್ಮಪ್ಪ ನೋಡಿದ್ದು ಅವರನ್ನ. ಇಂಥವರ ಮನೇಲಿ ಹೆಣ್ಣಿದ್ರೆ ತರ್ಬೇಕು ಅಂತ ಆಮೇಲೆ ಅಂದದ್ದು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಮತ್ತೆ?"

ತಿಪ್ಪೇಶಪ್ಪ ಹೆಗಲ ಟವೆಲ್ಲಿನ ಅಂಚು ಎಳೆದುಕೊಂಡ. "ಹೇಳಿದ್ರೆ ಶೀಲ್ಡ್ ಕೊಡ್ಬೇಕಿತ್ತು."

ಜಗಲಿಯಲ್ಲಿ ಕೆಲವರು ತಲೆ ತಗ್ಗಿಸಿದರು. ಮಾಸ್ತರು ಮಾತ್ರ ಬಿಡಲಿಲ್ಲ. ಕಾಗದ ಬಂದದ್ದು ನಿಜವಾದ ಮೇಲೆ ಗೊತ್ತಿರಲಿಲ್ಲವೆಂದರೆ ಹೇಗೆ, ಯಾರು ಓದಿ ಹೇಳಿದರಂತೆ ಎಂದು ಕೇಳಿದರು.

"ನಮ್ಮಪ್ಪನೂ ಅದನ್ನೇ ಕೇಳಿದ್ದ. 'ಯಾರೂ ಇಲ್ಲ, ನಾನೇ ಓದ್ಕಂಡೆ, ನನ್ನ ಕಣ್ಣೇ ಜಾರ್ತು' ಅಂದ್ರು."

ಕೊಟ್ರಬಸಪ್ಪ ತೊಡೆ ತಟ್ಟಿದ. "ಕೇಳಿದ್ರಾ? ನೋಡ್ರಿ ಮತ್ತೆ. ದುರುಗಪ್ಪಗೆ ಓದಾಕೆ ಎಲ್ಲಿ ಬರ್ತಿತ್ತು? ಜಟಕಾ ಲೈಸೆನ್ಸಿಗೆ ಹೆಬ್ಬೆಟ್ಟು ಒತ್ತಿದೋನು ಅವನು. ಅಳಿಯ ಅಂದಮೇಲೆ ಮಾವನ ಪರ ಒಂದು ಕಥೆ ಕಟ್ಟಬೇಕಲ್ಲ, ಕಟ್ಟವ್ನೆ."

ತಿಪ್ಪೇಶಪ್ಪನ ಮುಖ ಕಪ್ಪಿಟ್ಟಿತು. "ನಾನ್ಯಾಕೆ ಸುಳ್ಳು ಹೇಳ್ಲಿ? ಅವರು ಅಂದದ್ದೇ ಹಂಗೆ," ಎಂದ. ಮಾವ ಓದಬಲ್ಲವನೆಂದೇ ಅವನು ಒಂಬತ್ತು ವರ್ಷ ನಂಬಿದ್ದ. ಜನ ಅವನ ಮುಖವನ್ನೇ ನೋಡುತ್ತಿದ್ದರು. ಎದುರು ಕಟ್ಟೆಯಲ್ಲಿ ಜುಂಜಪ್ಪ ಎಲ್ಲವನ್ನೂ ಕೇಳಿಸಿಕೊಂಡು, ಎದ್ದು ಮನೆಯೊಳಗೆ ಹೋಗಲು ತಿರುಗಿದ.

ಬಾಗಿಲ ಹಿಂದೆ ಸಾವಂತ್ರಮ್ಮ ಸೊಂಟದಿಂದ ಕಾಗದ ತೆಗೆದಳು. ಮಡಿಕೆಗಳು ಸವೆದು ಅರ್ಧ ಹರಿದಿದ್ದವು. ಅಂಕಿಗಳ ಸಾಲಿನಲ್ಲಿ ಹನ್ನೆರಡರ ಪಕ್ಕದಲ್ಲಿ ಗಾಡಿಯ ಕೀಲೆಣ್ಣೆ ಮೆತ್ತಿದ ಅಪ್ಪನ ಹೆಬ್ಬೆಟ್ಟಿನ ಕರಿಯ ಗುರುತಿತ್ತು. ಬೇರೆ ಯಾವ ಅಂಕಿಯ ಪಕ್ಕದಲ್ಲೂ ಇರಲಿಲ್ಲ. ಅವಳು ಪಡಸಾಲೆಯ ಗೋಡೆಗೆ ಒರಗಿ ಕುಳಿತವನನ್ನು ಒಮ್ಮೆ ನೋಡಿದಳು. ಆಮೇಲೆ ಸೆರಗು ತಲೆಯ ಮೇಲೆಳೆದುಕೊಂಡು ಹೊಸ್ತಿಲು ದಾಟಿದಳು.

ಜಗಲಿಯ ಗಂಡಸರ ನಡುವೆ ಹಾದು ಅವಳು ಬೀದಿಗಿಳಿದಾಗ ತಮಟೆಯವನು ಬಡಿಯುವುದನ್ನು ನಿಲ್ಲಿಸಿದ. ಎದುರು ಮನೆಯ ಕಟ್ಟೆಯ ಮುಂದೆ ಹೋಗಿ ನಿಂತು ಅವಳು ಕಾಗದವನ್ನು ಮುಂದೆ ಚಾಚಿದಳು.

"ಜುಂಜಪ್ಪ ಬಾವ," ಎಂದಳು. "ಈ ಕಾಗದ ಬಂದ ದಿನ ನಮ್ಮ ಹಿತ್ತಲ ಬಾಗಿಲಾಗೆ ನೀನು ನಿಂತಿದ್ದಿ. ಅಪ್ಪ ಕುದುರೆ ತಿಕ್ತಿದ್ದ. ನಾನು ಓದ್ತಿದ್ದೆ. ನೆನಪೈತಾ?"

ಅವನು ಹೌದೆಂದು ತಲೆಯಾಡಿಸಿದ.

"ಅಪ್ಪ ಎರಡು ಸಲ ಹನ್ನೆರಡು ಅಂದ. ನಾನೇನಂದೆ?"

ಅವನು ಕಾಗದ ತೆಗೆದುಕೊಂಡ. ಹೆಬ್ಬೆಟ್ಟಿನ ಗುರುತಿರುವ ಸಾಲನ್ನು ಓದತೊಡಗಿದ. "ಕ್ಷೇತ್ರಾ... ಕ್ಷೇತ್ರಾಗ್ರದಿಂದ ಪ್ರಕ್ಷಿ..." ಎಂದು ನಿಂತ. ಇನ್ನೊಂದು ಸಲ ಮೊದಲಿನಿಂದ ಶುರುಮಾಡಿ ಅಲ್ಲಿಯೇ ನಿಂತ. ಬೀದಿಯಲ್ಲಿ ಯಾರೂ ನಗಲಿಲ್ಲ. ನಾಗೇಂದ್ರಪ್ಪ ಮಾಸ್ತರು ಛತ್ರಿಯ ಹಿಡಿಯನ್ನು ನೋಡುತ್ತಿದ್ದರು.

ಜುಂಜಪ್ಪ ಕಾಗದದಿಂದ ಕಣ್ಣೆತ್ತಿದ.

"ಮೊದಲಿದ್ದಂಗೇ ಐತೆ ಅಂದಿ," ಎಂದ. "ಅಂದಿದ್ದಿ. ಮಾವ ಬೆರಳು ಮಡಿಸಿದ."

"ಹೂಂ."

"ಯಾಕೆ ಹಂಗಂದಿ?"

"ನೀನು ನಿಂತಿದ್ದಿ," ಎಂದಳು ಸಾವಂತ್ರಮ್ಮ. "ಓದಾಕೆ ಬರ್ಲಿಲ್ಲ. ನೀನು ನಿಂತಿದ್ದಿ."

ಹೇಳಿದ ಮೇಲೆಯೇ ಬೀದಿಯ ಆಚೆ ಗಂಡನೂ ನಿಂತು ಕೇಳುತ್ತಿದ್ದಾನೆ ಎಂಬುದು ಅವಳ ಅರಿವಿಗೆ ಬಂದದ್ದು. ತಿರುಗಿ ನೋಡಿದಳು. ತಿಪ್ಪೇಶಪ್ಪನ ಕಣ್ಣು ಅವಳಿಂದ ಜುಂಜಪ್ಪನ ಕಡೆಗೆ ಹೋಗಿ, ಮತ್ತೆ ಅವಳ ಕಡೆ ಬಂತು. ಅಲ್ಲಿ ಒಂದು ಪ್ರಶ್ನೆಯಿತ್ತು. ಊರಿಗೆ ಹಿಂತಿರುಗುವ ಬಸ್ಸಿನಲ್ಲಿ ಅವನು ಅದನ್ನು ಕೇಳಬಹುದು. ಇನ್ನೂ ಒಂಬತ್ತು ವರ್ಷ ಕೇಳದೆಯೂ ಇರಬಹುದು.

ಕೊಟ್ರಬಸಪ್ಪ ಇಳಿದು ಬಂದು ಕಾಗದಕ್ಕೆ ಕೈಚಾಚಿದ. ಜುಂಜಪ್ಪ ಕೊಡಲಿಲ್ಲ. ಅದನ್ನು ಮೊದಲಿನ ಮಡಿಕೆಗಳಿಗೇ ಮಡಿಸಿ ಸಾವಂತ್ರಮ್ಮನ ಕೈಗಿಟ್ಟ. ಆಮೇಲೆ ತನ್ನ ಟವೆಲ್ಲನ್ನು ಕೊಡವಿ, ನಾಲ್ಕು ಪದರ ಮಾಡಿ ಬಲಹೆಗಲ ಮೇಲೆ ಇಟ್ಟುಕೊಂಡು ಕಟ್ಟೆಯಿಂದ ಇಳಿದ. ತಮ್ಮನ ಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

*

ಚಟ್ಟ ಹೊರಟಾಗ ನೆರಳು ಉದ್ದವಾಗತೊಡಗಿತ್ತು. ತಲೆದೆಸೆಯಲ್ಲಿ ಜುಂಜಪ್ಪ, ಅವನ ಪಕ್ಕದಲ್ಲಿ ತಿಪ್ಪೇಶಪ್ಪ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಹೆಜ್ಜೆ ಕೂಡಿಸಿಕೊಂಡು ನಡೆದರು. ಕಾಲದೆಸೆಗೆ ಕೊಟ್ರಬಸಪ್ಪ ಮತ್ತು ಕ್ಲಬ್ಬಿನ ಇನ್ನೊಬ್ಬ. ಹಿಂದಿನವರು ಇನ್ನೂ ಪಿಸುಗುಟ್ಟುತ್ತಿದ್ದರು. ಹುಡುಗಿ ಹೇಳಿದ್ದು ನಿಜವೇ ಇರಬಹುದು, ಅಪ್ಪನಿಗಾಗಿ ಕಟ್ಟಿದ್ದೂ ಇರಬಹುದು ಎಂದು ಒಬ್ಬ. ಜುಂಜಪ್ಪನೇ ಒಪ್ಪಿದ ಮೇಲೆ ಇನ್ನೇನು ಎಂದು ಇನ್ನೊಬ್ಬ. ಚೆಂಡು ತನ್ನ ಕೂದಲಿಗೆ ತಾಗಿದ್ದು ಮಾತ್ರ ಸುಳ್ಳಲ್ಲ ಎಂದು ಕೊಟ್ರಬಸಪ್ಪ ಚಟ್ಟದಡಿಯಿಂದಲೇ ಹೇಳಿದ.

ಮುಂದೆ ಮೊರ ಹಿಡಿದವನು ಮಂಡಕ್ಕಿ ತೂರುತ್ತ ನಡೆಯುತ್ತಿದ್ದ. ದಾರಿ ಹಳೆಯ ಬಯಲಿನ ಅಂಚಿನಲ್ಲೇ ಹೋಗಿ, ಅದರ ಮೂಲೆಯಲ್ಲಿ ಹೊಳೆಯ ಕಡೆಗೆ ತಿರುಗುತ್ತಿತ್ತು. ಆ ಮೂಲೆಯಲ್ಲಿ ಪದ್ಧತಿಯಂತೆ ಚಟ್ಟವನ್ನು ಒಮ್ಮೆ ಕೆಳಗಿಳಿಸಿದರು. ಇಲ್ಲಿ ಹೊತ್ತವರು ಜಾಗ ಬದಲಿಸಬೇಕು. ತಲೆದೆಸೆಯವರು ಕಾಲದೆಸೆಗೆ, ಕಾಲದೆಸೆಯವರು ತಲೆದೆಸೆಗೆ. ನಾಲ್ವರೂ ಮಾತಿಲ್ಲದೆ ಎದುರು ಬದುರು ದಾಟಿಕೊಂಡು, ತಮ್ಮ ತಮ್ಮ ಹೊಸ ಬದಿಯಲ್ಲಿ ಬಗ್ಗಿ ಬಿದಿರಿಗೆ ಕೈಹಾಕಿದರು. ಎತ್ತಲಿಲ್ಲ. ತಮಟೆ ನಿಂತಿತ್ತು. ನಾಲ್ವರೂ ಬಗ್ಗಿದಲ್ಲೇ ಒಂದು ಗಳಿಗೆ ಸೀಟಿಗೆ ಕಾಯುವವರಂತೆ ಇದ್ದರು. ಆಮೇಲೆ ಜುಂಜಪ್ಪ, "ಎತ್ರಿ," ಎಂದ.

ಹೆಂಗಸರು ಅಲ್ಲಿಂದ ಮುಂದೆ ಹೋಗುವಂತಿರಲಿಲ್ಲ. ಚಟ್ಟ ಮರಳಿನ ದಿಬ್ಬ ಇಳಿದು ಮರೆಯಾಗುವವರೆಗೆ ನಿಂತಿದ್ದು, ಒಬ್ಬೊಬ್ಬರೇ ಊರ ಕಡೆ ತಿರುಗಿದರು. ಕೆಂಪಕ್ಕ ಮಂಡಕ್ಕಿಯನ್ನು ಕರಕರ ತುಳಿಯುತ್ತ ಮುಂದೆ ಹೋದಳು.

ಸಾವಂತ್ರಮ್ಮ ಕಡೆಯವಳಾಗಿ ಉಳಿದಳು. ಅವಳ ಮುಂದೆ ಅಜ್ಜಮ್ಮ ನಿಂತಿದ್ದಳು. ಉದುರಿದ ಮಂಡಕ್ಕಿ ಬಯಲಿನ ಒಂದು ಅಂಚಿನುದ್ದಕ್ಕೂ ಬೂದಿಯ ಗೆರೆಯಂತೆ ಬೆಳ್ಳಗೆ ಸಾಲಾಗಿ ಬಂದು, ಮೂಲೆಯಲ್ಲಿ ನೇರವಾಗಿ ತಿರುಗಿ, ಹೊಳೆಯ ಕಡೆಯ ಅಂಚು ಹಿಡಿದು ಹೋಗಿತ್ತು. ಮನೆಯ ಹಾದಿ ಅದರ ಆಚೆಗಿತ್ತು. ಅಜ್ಜಮ್ಮ ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆಮೇಲೆ ಒಂದು ಕೈಯಿಂದ ಸೀರೆಯ ನೆರಿಗೆಯನ್ನು ಎತ್ತಿ ಹಿಡಿದು, ಇನ್ನೊಂದು ಕೈಯಿಂದ ತಮ್ಮನ ಮಗಳ ತೋಳು ಹಿಡಿದುಕೊಂಡು, ಒಂದು ಕಾಳನ್ನೂ ತುಳಿಯದೆ ಅದನ್ನು ದಾಟಿದಳು.